ಕಿಟ್ಟೆಲ್ ಎಂಬ ಅಡ್ಡಹೆಸರು

ಹೈದರಾಬಾದಿನಂತಹ ಬಹುಭಾಷಾ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ, ನಿಘಂಟನ್ನು ಅದರ ಕರ್ತೃವಿನ ಅಡ್ಡಹೆಸರಿನಿಂದಲೇ ಕರೆಯುವ ರೂಢಿ ಪರಿಚಿತವಾದುದೇ ಆಗಿದೆ. ನೆರೆಯ ತೆಲುಗರು 1852ರಲ್ಲಿ ಪ್ರಕಟವಾದ ಸಿ. ಪಿ. ಬ್ರೌನರ ಕೋಶಕ್ಕೆ ಸಂಸ್ಕೃತದ ಉಡುಗೆ ತೊಡಿಸಿ ‘ಬ್ರೌಣ್ಯ’ವೆಂದು ಕರೆದರು. ಉರ್ದು ವ್ಯಾಸಂಗಿಗಳಿಗೆ 1884ರ ಪ್ಲಾಟ್ಸ್, ಮರಾಠಿಗರಿಗೆ 1831ರ ಮೋಲ್ಸ್‌ವರ್ತ್, ಕನ್ನಡಿಗರಿಗೆ 1894ರ ಕಿಟ್ಟೆಲ್. ಇವುಗಳಲ್ಲಿ ಕೊನೆಯ ಹೆಸರಿಗೆ ಮಾತ್ರ ಒಂದು ವಿಶೇಷವುಂಟು. ಇದೇ ನಗರದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದುವ ವಿದ್ಯಾರ್ಥಿಗೆ ‘ಕಿಟ್ಟೆಲ್’ ಎಂದರೆ ಘನವಸ್ತುಗಳ ಭೌತವಿಜ್ಞಾನವನ್ನು ತಿಳಿಸುವ ಪಠ್ಯಪುಸ್ತಕ. ಲೋಯರ್ ಟ್ಯಾಂಕ್ ಬಂಡಿನ ಬಳಿಯ ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಅಭ್ಯಸಿಸುವವನಿಗೆ ಅದು ಗ್ರೀಕ್ ಶಬ್ದಗಳನ್ನು ವಿವರಿಸುವ ಹತ್ತು ಸಂಪುಟಗಳ ಮಹಾಕೋಶ. ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದುವವನಿಗಾದರೋ ಹೀಬ್ರೂ ಬೈಬಲಿನ ಪರಿಷ್ಕೃತ ಮುದ್ರಣ. ಅಡ್ಡಹೆಸರು ಒಂದೇ, ಗ್ರಂಥಗಳು ನಾಲ್ಕು, ಗ್ರಂಥಕರ್ತರೂ ನಾಲ್ವರು.

ಈ ನಾಲ್ವರಲ್ಲಿ ಇಬ್ಬರು ನಿಘಂಟುಕಾರರು. ಇಬ್ಬರೂ ಒಂದೇ ಊರಿನಲ್ಲಿ ತೀರಿಕೊಂಡವರು. ಒಬ್ಬರನ್ನು ಕನ್ನಡ ನಾಡು ಪ್ರತಿಮೆ ನಿಲ್ಲಿಸಿ ಗೌರವಿಸಿದೆ. ಇನ್ನೊಬ್ಬರು ತಮ್ಮ ವಿದ್ವತ್ತನ್ನು ನಾಜಿಗಳ ಯೆಹೂದಿದ್ವೇಷಕ್ಕೆ ಒತ್ತೆಯಿಟ್ಟವರು. ಹೆಸರಿನ ಸಾಮ್ಯ ಕಂಡೊಡನೆ ಬಂಧುತ್ವವನ್ನು ಊಹಿಸುವ ಚಪಲ ಎಲ್ಲ ಕಾಲದಲ್ಲಿಯೂ ಇರುವುದರಿಂದ, ಈ ಅಡ್ಡಹೆಸರಿನ ಮೂಲವನ್ನೂ ಅದನ್ನು ಧರಿಸಿದವರ ಚರಿತ್ರೆಯನ್ನೂ ವಿಚಾರಿಸುವುದು ಅಪ್ರಸ್ತುತವಾಗಲಾರದು.

‘ಕಿಟ್ಟೆಲ್’ ಎಂಬುದು ಜರ್ಮನ್ ಭಾಷೆಯಲ್ಲಿ ಒಂದು ಉಡುಪಿನ ಹೆಸರು. ಒಕ್ಕಲಿಗರೂ ಕೂಲಿಕಾರರೂ ಕೆಲಸದ ವೇಳೆಯಲ್ಲಿ ಮೇಲೆ ತೊಟ್ಟುಕೊಳ್ಳುತ್ತಿದ್ದ ಸಡಿಲವಾದ ನಿಲುವಂಗಿಯೇ ಕಿಟ್ಟೆಲ್. ಇಂದಿಗೂ ವೈದ್ಯರ ಬಿಳಿಯ ಕೋಟನ್ನೂ ಪ್ರಯೋಗಶಾಲೆಯ ಮೇಲಂಗಿಯನ್ನೂ ಜರ್ಮನರು ಈ ಶಬ್ದದಿಂದಲೇ ಕರೆಯುತ್ತಾರೆ. ಮಧ್ಯಯುಗದ ಉತ್ತರಾರ್ಧದಲ್ಲಿ ಪಟ್ಟಣಗಳು ಬೆಳೆದು, ತೆರಿಗೆ ಮತ್ತು ಆಸ್ತಿಯ ದಾಖಲೆಗಳು ಹೆಚ್ಚಿ, ಒಂಟಿ ಹೆಸರಿನಿಂದ ವ್ಯವಹಾರ ಸಾಗದಂತಾದಾಗ ಅಲ್ಲಿ ಅಡ್ಡಹೆಸರುಗಳು ನೆಲೆಗೊಂಡವು. ಷ್ಮಿಟ್ ಎಂದರೆ ಕಮ್ಮಾರ, ವೇಬರ್ ಎಂದರೆ ನೇಕಾರ, ಷ್ನೈಡರ್ ಎಂದರೆ ಸಿಂಪಿಗ. ಅದೇ ರೀತಿಯಲ್ಲಿ ನಿಲುವಂಗಿಯನ್ನು ಹೊಲಿಯುವವನಿಗೋ ಯಾವಾಗಲೂ ಅದನ್ನೇ ತೊಟ್ಟು ತಿರುಗುವವನಿಗೋ ‘ಕಿಟ್ಟೆಲ್’ ಎಂಬ ಹೆಸರು ಅಂಟಿಕೊಂಡಿತು. ಉಡುಪು ಅಡ್ಡಹೆಸರಾಯಿತೆಂದು ನಾವು ಅಚ್ಚರಿಪಡಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮನೆತನಗಳುಂಟು. ಹೈದರಾಬಾದಿನವರಿಗೆ ಚರಿತ್ರಕಾರ ಸೇತುಮಾಧವರಾವ್ ಪಗಡಿಯವರ ಹೆಸರನ್ನು ನೆನಪಿಸಿದರೆ ಸಾಕು.

ಉಚ್ಚಾರಣೆಯ ವಿಷಯದಲ್ಲಿ ಒಂದು ಮಾತು. ಜರ್ಮನ್ ಬರಹದಲ್ಲಿ ಟಕಾರ ಇಮ್ಮಡಿಯಾಗಿದ್ದರೂ ಅದು ಹಿಂದಿನ ಸ್ವರ ಹ್ರಸ್ವವೆಂದು ತೋರಿಸುವ ಗುರುತು ಮಾತ್ರ. ಅವರ ಬಾಯಲ್ಲಿ ಒತ್ತಕ್ಷರ ಕೇಳಿಸುವುದಿಲ್ಲ. ಕನ್ನಡಿಗರು ಬರಹವನ್ನು ನೋಡಿ ಒತ್ತಿಟ್ಟು ನುಡಿದರು. ಕೃಷ್ಣನೆಂಬ ಹುಡುಗನನ್ನು ಕಿಟ್ಟ, ಕಿಟ್ಟಣ್ಣ, ಕಿಟ್ಟಪ್ಪ ಎಂದು ಕರೆಯುವ ನಾಡಿಗೆ ಈ ವಿದೇಶೀಯ ಹೆಸರು ಹೊರಗಿನದೆಂದು ತೋರದೆ ಹೋಗಿದ್ದರೆ ಅದಕ್ಕೆ ಈ ಒತ್ತೂ ಒಂದು ಕಾರಣವಾಗಿರಬಹುದು.

ಕಸುಬಿನಿಂದಲೂ ಉಡುಪಿನಿಂದಲೂ ಹುಟ್ಟಿದ ಅಡ್ಡಹೆಸರು ಒಂದೇ ಮೂಲಪುರುಷನಿಂದ ಬರಬೇಕಾಗಿಲ್ಲ. ನಿಲುವಂಗಿ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಆ ಹೆಸರು ಬೇರೆಬೇರೆಯಾಗಿ ಹುಟ್ಟಬಹುದು. ಕುಲಕರ್ಣಿ, ದೇಶಪಾಂಡೆ, ಪಾಟೀಲ ಎಂಬ ಹೆಸರಿನವರೆಲ್ಲ ಒಂದೇ ವಂಶದವರೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲವಷ್ಟೆ. ಬ್ಯಾಂಕಿನ ಖಾತೆಪುಸ್ತಕದಲ್ಲಿ ಇಬ್ಬರು ದೇಶಪಾಂಡೆಯವರಿದ್ದರೆ, ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗದಂತೆ ತಂದೆಯ ಹೆಸರನ್ನೂ ಸಹಿಯ ಮಾದರಿಯನ್ನೂ ತಾಳೆ ನೋಡುತ್ತಾರೆ. ವಿದ್ವತ್ತಿನ ಲೆಕ್ಕದಲ್ಲಿ ಇಷ್ಟು ಎಚ್ಚರವೂ ಎಷ್ಟೋ ವೇಳೆ ಕಾಣಬರುವುದಿಲ್ಲ.

ಚರಿತ್ರೆಯಲ್ಲಿ ಹೆಸರುಗಳಿಸಿದ ಕಿಟ್ಟೆಲ್ಲರಲ್ಲಿ ಸಂಗೀತಗಾರರು ಮೊದಲಿಗರು. ಕಾಸ್ಪಾರ್ ಕಿಟ್ಟೆಲ್ (1603–1639) ಡ್ರೆಸ್ಡೆನ್ನಿನಲ್ಲಿ ಹೈನ್ರಿಖ್ ಷೂಟ್ಸ್ ಎಂಬ ವಾಗ್ಗೇಯಕಾರರ ಶಿಷ್ಯರಾಗಿದ್ದರು. ಎರ್ಫುರ್ಟಿನ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ (1732–1809) ಮಹಾಸಂಗೀತಗಾರ ಬಾಖ್ ಅವರ ಕೊನೆಯ ಶಿಷ್ಯರಲ್ಲಿ ಒಬ್ಬರು. 1750ರಲ್ಲಿ ಗುರು ತೀರಿಕೊಂಡಾಗ ಇವರಿಗೆ ಹದಿನೆಂಟು ವರ್ಷ. ಬಾಖ್ ಪರಂಪರೆಯ ಆರ್ಗನ್ ವಾದನ ಹತ್ತೊಂಬತ್ತನೆಯ ಶತಮಾನಕ್ಕೆ ದಾಟಿಬಂದ ಸೇತುವೆಗಳಲ್ಲಿ ಇವರೂ ಒಬ್ಬರು. ಇನ್ನು ಹೆಸರಿನ ಸಾಮ್ಯ ಎಷ್ಟು ಮೋಸದ್ದೆಂಬುದಕ್ಕೆ ಬ್ರೂನೊ ಕಿಟ್ಟೆಲ್ ಎಂಬ ಇಬ್ಬರೇ ಸಾಕ್ಷಿ. ಒಬ್ಬರು (1870–1948) 1902ರಲ್ಲಿ ಬರ್ಲಿನ್ನಿನಲ್ಲಿ ತಮ್ಮ ಹೆಸರಿನದೇ ಗಾಯಕವೃಂದವನ್ನು ಕಟ್ಟಿ ಬೆಳೆಸಿದ ಸಂಗೀತ ನಿರ್ದೇಶಕರು. ಅದೇ ಹೆಸರಿನ ಇನ್ನೊಬ್ಬ, 1943ರಲ್ಲಿ ವಿಲ್ನಾ ನಗರದ ಯೆಹೂದಿಗಳ ಕೇರಿಯನ್ನು ನಿರ್ಮೂಲಗೊಳಿಸಿದ ನಾಜಿ ಅಧಿಕಾರಿ; ಯುದ್ಧ ಮುಗಿದ ಮೇಲೆ ಕಣ್ಮರೆಯಾದ. ಇಲ್ಲಿ ಮುಂದಿನ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಉರುಳಿಸಿದ ಲೆಕ್ಕದಲ್ಲಿ ಮುಂಚೂಣಿಯಲ್ಲಿದ್ದು 1945ರ ಫೆಬ್ರುವರಿಯಲ್ಲಿ ಮಡಿದ ವೈಮಾನಿಕ ಓಟ್ಟೊ ಕಿಟ್ಟೆಲ್ ಮತ್ತೊಬ್ಬ. ಈ ಪಟ್ಟಿಯನ್ನು ಬೆಳೆಸುತ್ತ ಹೋಗುವುದರಿಂದ ಪ್ರಕೃತ ವಿಷಯಕ್ಕೆ ಉಪಯೋಗವಿಲ್ಲ.

ಕನ್ನಡಿಗರ ಕಿಟ್ಟೆಲ್ಲರು, ಎಂದರೆ ಫರ್ಡಿನಾಂಡ್ ಕಿಟ್ಟೆಲ್ಲರು, 1832ರ ಏಪ್ರಿಲ್‌ನಲ್ಲಿ ಜರ್ಮನಿಯ ವಾಯವ್ಯದ ಅಂಚಿನಲ್ಲಿ, ಉತ್ತರ ಸಮುದ್ರಕ್ಕೆ ಸಮೀಪವಾದ ಪೂರ್ವ ಫ್ರಿಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1850ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಮುಖ್ಯ ಕಾರ್ಯಕ್ಷೇತ್ರಗಳು. ಅವರು ಬಂದುದು ಮತಪ್ರಚಾರಕ್ಕಾಗಿ. ಈ ಮಾತನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಜನರ ನಡುವೆ ಜನರಂತೆ ಬಾಳಬೇಕೆಂಬ ಅವರ ಹಂಬಲವೂ, ಕಾವ್ಯ ವ್ಯಾಕರಣಗಳ ವ್ಯಾಸಂಗದಲ್ಲಿ ಅವರು ಕಳೆಯುತ್ತಿದ್ದ ಕಾಲವೂ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ರೈನ್‌ಹಾರ್ಡ್ ವೆಂಡ್ಟ್ ಅವರು 2006ರಲ್ಲಿ ಸಂಪಾದಿಸಿದ ಪ್ರಬಂಧಸಂಕಲನವೊಂದು ತನ್ನ ಉಪಶೀರ್ಷಿಕೆಯಲ್ಲಿಯೇ ಕಿಟ್ಟೆಲ್ಲರ ಮೊದಲ ವೈಫಲ್ಯವನ್ನೂ ಮರಣೋತ್ತರ ಸಾಫಲ್ಯವನ್ನೂ ಹೇಳುತ್ತದೆ. ಪ್ರಚಾರಕರಾಗಿ ಅವರು ಸೋತರು. ಆ ಸೋಲಿನಿಂದ ಉಳಿದ ಕಾಲವೆಲ್ಲ ಕನ್ನಡಕ್ಕೆ ಸಂದಿತು.

ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ (1862) ಅವರ ಆರಂಭದ ಕೃತಿಗಳಲ್ಲಿ ಒಂದು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. 1872ರಲ್ಲಿಯೇ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯ ಮೊದಲ ಸಂಪುಟದಲ್ಲಿ, ಸಂಸ್ಕೃತ ನಿಘಂಟುಗಳಲ್ಲಿ ಸೇರಿರುವ ದ್ರಾವಿಡ ಅಂಶವನ್ನು ಕುರಿತು ಲೇಖನ ಬರೆದರು. ಇಷ್ಟು ಸಿದ್ಧತೆಯ ಮೇಲೆ ನಿಂತುದು ಅವರ ಕನ್ನಡ-ಇಂಗ್ಲಿಷ್ ನಿಘಂಟು. ನಡುವೆ 1877ರಲ್ಲಿ ಸ್ವದೇಶಕ್ಕೆ ಮರಳಿದ್ದರೂ, ಪಂಡಿತರ ನೆರವೂ ಆಡುಮಾತಿನ ಕೇಳ್ಮೆಯೂ ಇಲ್ಲದೆ ಕೆಲಸ ಸಾಗದೆಂದು 1883ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂದರು. ಕೋಶವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಪುಟಗಳು 1,700ಕ್ಕೂ ಹೆಚ್ಚು.

ಗಾತ್ರಕ್ಕಿಂತಲೂ ಗಮನಾರ್ಹವಾದುದು ಅದರ ಕ್ರಮ. ಅದಕ್ಕೆ ಮೊದಲು ಬಳ್ಳಾರಿಯಲ್ಲಿ ಕೆಲಸ ಮಾಡಿದ ವಿಲಿಯಂ ರೀವ್ ಅವರ ಕೋಶ 1832ರಲ್ಲಿ ಬಂದಿತ್ತು, ಎಂದರೆ ಫರ್ಡಿನಾಂಡರು ಹುಟ್ಟಿದ ವರ್ಷದಲ್ಲಿಯೇ. ಕಿಟ್ಟೆಲ್ಲರು ಕಾವ್ಯಗಳಿಂದಲೂ ಶಾಸ್ತ್ರಗ್ರಂಥಗಳಿಂದಲೂ ಪ್ರಯೋಗಗಳನ್ನು ಎತ್ತಿ ಕೊಟ್ಟರು. ಕಾವ್ಯದ ಪಕ್ಕದಲ್ಲಿಯೇ ಗಾದೆಗೂ ಸ್ಥಾನ ದೊರೆಯಿತು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಮಾನರೂಪಗಳನ್ನು ಜೋಡಿಸಿದರು. ಬಳಕೆಯಿಂದ ಅಳಿದುಹೋಗಿದ್ದ ಱಕಾರ ೞಕಾರಗಳನ್ನು ಅವುಗಳ ನಿಜಸ್ಥಾನದಲ್ಲಿ ಉಳಿಸಿದರು. ಈ ಶಬ್ದ ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು, ಇದು ಹಿಂದೂಸ್ತಾನಿಯಿಂದ ಬಂದುದು ಎಂದು ಸಂಕೇತಾಕ್ಷರಗಳಿಂದ ಗುರುತಿಸಿದರು. ಪೀಠಿಕೆಯಲ್ಲಿ, ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಸುಮಾರು 420 ಶಬ್ದಗಳ ಪಟ್ಟಿಯನ್ನಿತ್ತರು. ಕನ್ನಡವು ಸಂಸ್ಕೃತದಿಂದ ಪಡೆದುದನ್ನು ಮಾತ್ರ ಎಣಿಸುವ ರೂಢಿಯಿದ್ದ ಕಾಲದಲ್ಲಿ ಸಾಲ ಕೊಟ್ಟುದರ ಲೆಕ್ಕವನ್ನೂ ಬರೆದವರು ಅವರು. ಆ ಪಟ್ಟಿಯ ಎಲ್ಲ ನಿಷ್ಪತ್ತಿಗಳೂ ಇಂದು ನಿಲ್ಲಲಾರವು. ಆದರೆ ಪ್ರಶ್ನೆಯನ್ನು ಎತ್ತಿದ ಧೈರ್ಯ ಸಾಮಾನ್ಯವಾದುದಲ್ಲ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗೆನ್ನಿನಲ್ಲಿಯೇ ಅವರು ತೀರಿಕೊಂಡರು.

ಇನ್ನು ಬೈಬಲ್ ವಿದ್ವಾಂಸರಾದ ಕಿಟ್ಟೆಲ್ಲರ ವಿಚಾರ. ರುಡಾಲ್ಫ್ ಕಿಟ್ಟೆಲ್ 1853ರಲ್ಲಿ, ಎಂದರೆ ಫರ್ಡಿನಾಂಡರು ಭಾರತಕ್ಕೆ ಬಂದ ವರ್ಷದಲ್ಲಿ, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಎನಿಂಗೆನ್ ಎಂಬಲ್ಲಿ ಹುಟ್ಟಿದರು. ಬ್ರೆಸ್ಲಾವಿನಲ್ಲಿಯೂ 1898ರಿಂದ ಲೈಪ್‌ಜಿಗ್‌ನಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ‘ಬಿಬ್ಲಿಯ ಹೆಬ್ರಾಯಿಕ’ ಎಂಬ ಅವರ ಹೀಬ್ರೂ ಬೈಬಲಿನ ಪರಿಷ್ಕರಣ ಮೊದಲು 1905–06ರಲ್ಲಿ ಪ್ರಕಟವಾಯಿತು. ಮೂಲಪಾಠವನ್ನು ಮೇಲಿಟ್ಟು, ಇತರ ಹಸ್ತಪ್ರತಿಗಳ ಮತ್ತು ಪ್ರಾಚೀನ ಅನುವಾದಗಳ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುವ ಈ ಗ್ರಂಥದ ಸ್ವರೂಪ, ಹಳಗನ್ನಡ ಕಾವ್ಯಗಳ ಪರಿಷ್ಕರಣಗಳನ್ನು ಬಲ್ಲವರಿಗೆ ಹೊಸತಾಗಿ ಕಾಣದು. ಮೂರನೆಯ ಆವೃತ್ತಿಗೆ ಪಾಲ್ ಕಾಲೆ ಅವರ ನೆರವಿನಿಂದ ಲೆನಿನ್‌ಗ್ರಾಡಿನ ಹಸ್ತಪ್ರತಿಯನ್ನು ಆಧಾರವಾಗಿ ಹಿಡಿಯಲಾಯಿತು. ಅದು ಪೂರ್ಣವಾದುದು 1937ರಲ್ಲಿ. ರುಡಾಲ್ಫರು 1929ರಲ್ಲಿಯೇ ಮರಣಹೊಂದಿದ್ದರು. ಪೂರ್ವ ಫ್ರಿಸ್‌ಲ್ಯಾಂಡ್ ಒಂದು ತುದಿ, ವ್ಯೂರ್ಟೆಂಬರ್ಗ್ ಮತ್ತೊಂದು ತುದಿ. ಅಡ್ಡಹೆಸರೊಂದನ್ನೇ ಹಿಡಿದು ಈ ಎರಡು ಮನೆಗಳನ್ನು ಬೆಸೆಯುವುದು ಬೀದರದ ಪಾಟೀಲರನ್ನೂ ಸಾತಾರೆಯ ಪಾಟೀಲರನ್ನೂ ದಾಯಾದಿಗಳೆಂದು ಹೇಳಿದಂತಾಗುತ್ತದೆ.

ರುಡಾಲ್ಫರ ಮಗ ಗೆರ್ಹಾರ್ಡ್ ಕಿಟ್ಟೆಲ್ (1888–1948). ಇವರು 1926ರಲ್ಲಿ ಪ್ರಾಧ್ಯಾಪಕರಾಗಿ ಟ್ಯೂಬಿಂಗೆನ್ನಿಗೆ ಬಂದರು. ಫರ್ಡಿನಾಂಡರು ಅಲ್ಲಿ ತೀರಿಕೊಂಡು ಆಗ ಇಪ್ಪತ್ತಮೂರು ವರ್ಷಗಳಾಗಿದ್ದವು. ಹೊಸ ಒಡಂಬಡಿಕೆಯ ಪ್ರಮುಖ ಗ್ರೀಕ್ ಶಬ್ದಗಳನ್ನು ಒಂದೊಂದಾಗಿ ಎತ್ತಿಕೊಂಡು, ಗ್ರೀಕ್ ಸಾಹಿತ್ಯದಲ್ಲಿ, ಹೀಬ್ರೂ ಶಾಸ್ತ್ರದಲ್ಲಿ, ಯೆಹೂದಿ ಗುರುಗಳ ಗ್ರಂಥಗಳಲ್ಲಿ ಅವುಗಳ ಚರಿತ್ರೆಯನ್ನು ಶೋಧಿಸುವ ಮಹಾಕೋಶ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು. ಮೊದಲ ಸಂಪುಟ ಪೂರ್ಣವಾದುದು 1933ರಲ್ಲಿ.

ಆ ವರ್ಷವನ್ನು ಮರೆಯುವಂತಿಲ್ಲ. ಹಿಟ್ಲರನ ಕೈಗೆ ಅಧಿಕಾರ ಬಂದುದು 1933ರ ಜನವರಿಯಲ್ಲಿ. ಮೇ ತಿಂಗಳಲ್ಲಿ ಗೆರ್ಹಾರ್ಡ್ ಕಿಟ್ಟೆಲ್ ನಾಜಿ ಪಕ್ಷವನ್ನು ಸೇರಿದರು. ಜೂನ್ 1ರಂದು ಟ್ಯೂಬಿಂಗೆನ್ನಿನಲ್ಲಿ ‘ಯೆಹೂದಿ ಪ್ರಶ್ನೆ’ಯನ್ನು ಕುರಿತು ಉಪನ್ಯಾಸ ಮಾಡಿ, ಅದನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ಅವರು ಯೆಹೂದಿಗಳ ವಿಷಯದಲ್ಲಿ ನಾಲ್ಕು ದಾರಿಗಳನ್ನು ಎಣಿಸುತ್ತಾರೆ: ನಿರ್ಮೂಲನ, ಪ್ಯಾಲೆಸ್ತೀನಿಗೆ ವಲಸೆ, ಜರ್ಮನರೊಡನೆ ಬೆರೆಯುವಿಕೆ, ಪೌರತ್ವವಿಲ್ಲದ ‘ಅತಿಥಿ’ಗಳಾಗಿ ಬಾಳುವಿಕೆ. ಮೊದಲನೆಯದು ಕಾರ್ಯಸಾಧ್ಯವಲ್ಲವೆಂದು ಬಿಟ್ಟು ಕೊನೆಯದನ್ನು ಎತ್ತಿಹಿಡಿಯುತ್ತಾರೆ. ಅಧ್ಯಾಪಕ ಪೀಠದಿಂದ, ಶಾಂತವಾದ ಶಾಸ್ತ್ರೀಯ ಧಾಟಿಯಲ್ಲಿ, ನೆರೆಮನೆಯವರ ಪೌರತ್ವವನ್ನು ಕಿತ್ತುಕೊಳ್ಳುವ ಮಾತು ಅದು. ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಅದೇ ವರ್ಷ ಬಹಿರಂಗ ಪತ್ರದ ಮೂಲಕ ಅದನ್ನು ಖಂಡಿಸಿದರು. ಗೆರ್ಹಾರ್ಡರು ಹಿಂದೆ ಸರಿಯಲಿಲ್ಲ; ಯೆಹೂದಿದ್ವೇಷಕ್ಕೆ ವಿದ್ವತ್ತಿನ ಮುದ್ರೆಯೊತ್ತಲು ನಾಜಿ ಸರ್ಕಾರ ಸ್ಥಾಪಿಸಿದ್ದ ಇತಿಹಾಸ ಸಂಸ್ಥೆಗೆ ಮುಂದಿನ ವರ್ಷಗಳಲ್ಲಿ ಲೇಖನಗಳನ್ನು ಬರೆದುಕೊಟ್ಟರು. 1945ರಲ್ಲಿ ಫ್ರೆಂಚ್ ಸೈನ್ಯ ಅವರನ್ನು ಬಂಧಿಸಿತು. 1948ರ ಜುಲೈನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕೊನೆಯುಸಿರೆಳೆದರು.

ಇಲ್ಲಿ ಅಡ್ಡಹೆಸರಿನ ಅರ್ಥವನ್ನು ಮತ್ತೊಮ್ಮೆ ನೆನೆಯಬೇಕು. ಯೂರೋಪಿನ ಯೆಹೂದಿಗಳ ಯಿದ್ದಿಶ್ ಭಾಷೆಯಲ್ಲಿಯೂ ‘ಕಿಟ್ಟೆಲ್’ ಎಂಬ ಶಬ್ದವುಂಟು. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ಮಹಾದಿನದಂದು ಪ್ರಾರ್ಥನೆಗೆ ನಿಲ್ಲುವಾಗ ತೊಡುವ ಬಿಳಿಯ ನಿಲುವಂಗಿ ಅದು. ಮದುವೆಯ ದಿನ ವರನೂ ಅದನ್ನು ಧರಿಸುವುದುಂಟು. ಸತ್ತಾಗ ಅದನ್ನೇ ತೊಡಿಸಿ ಮಣ್ಣುಮಾಡುವುದೂ ಉಂಟು. ಆ ಜನರ ಅತಿ ಪವಿತ್ರವಾದ ಉಡುಪಿನ ಹೆಸರನ್ನೇ ಹೊತ್ತವರು, ಶಬ್ದಾರ್ಥವಿಚಾರವನ್ನೇ ಜೀವಿತಕಾರ್ಯವಾಗಿ ಉಳ್ಳವರು, ಇಂತಹ ಮಾತನ್ನು ಬರೆದರು.

ಗೆರ್ಹಾರ್ಡರ ಕೋಶವನ್ನು ಏನು ಮಾಡಬೇಕೆಂಬ ಚರ್ಚೆ ಕ್ರೈಸ್ತ ವಿದ್ವಾಂಸರಲ್ಲಿ ಮುಗಿದಿಲ್ಲ. ಹಲವು ಕೈಗಳು ಸೇರಿ ಮಾಡಿದ ಕೆಲಸವಾದುದರಿಂದ ಸಂಪಾದಕರೊಬ್ಬರ ಪಾಪವನ್ನು ಎಲ್ಲ ಪುಟಗಳ ಮೇಲೂ ಹೇರಲಾಗದೆಂಬುದು ಒಂದು ಪಕ್ಷ. ಯೇಸುವಿನ ಕಾಲದ ಯೆಹೂದಿ ಧರ್ಮವನ್ನು ಕುಗ್ಗಿಸಿ ಕಾಣುವ ದೃಷ್ಟಿ ಲೇಖನಗಳೊಳಗೇ ಇಳಿದಿದೆಯೆಂಬುದು ಇನ್ನೊಂದು ಪಕ್ಷ. ಎರಡನೆಯ ಪಕ್ಷವೇ ಹೆಚ್ಚು ಗಟ್ಟಿಯಾದುದು. ರಾಜಕೀಯವನ್ನು ಬದಿಗಿಟ್ಟು ನೋಡಿದರೂ ಕೋಶರಚನೆಯ ಕ್ರಮದಲ್ಲಿಯೇ ದೋಷವಿದೆಯೆಂದು 1961ರಲ್ಲಿ ಜೇಮ್ಸ್ ಬಾರ್ ತೋರಿಸಿದರು. ಶಬ್ದವೊಂದು ಬೇರೆಬೇರೆ ವಾಕ್ಯಗಳಲ್ಲಿ ಪಡೆದ ಅರ್ಥಗಳನ್ನೆಲ್ಲ ಕೂಡಿಹಾಕಿ, ಆ ಮೊತ್ತವನ್ನು ಪ್ರತಿಯೊಂದು ವಾಕ್ಯಕ್ಕೂ ಹೊರಿಸುವುದು ಸಲ್ಲದೆಂಬುದು ಅವರ ಆಕ್ಷೇಪದ ತಿರುಳು. ಶಬ್ದದೊಳಗೆ ಒಂದು ಜನಾಂಗದ ಅಂತರಾತ್ಮವೇ ಅಡಗಿದೆಯೆಂದು ನಂಬುವವನಿಗೆ ಆ ಜನಾಂಗವನ್ನು ಅಳೆದು ಬೇರ್ಪಡಿಸುವುದೂ ಸುಲಭವಾಗುತ್ತದೆ. ಫರ್ಡಿನಾಂಡರ ಕೋಶದಲ್ಲಿ ಈ ಹವ್ಯಾಸ ಕಾಣುವುದಿಲ್ಲ. ಹಿಂದೂ ಧರ್ಮದ ವಿಷಯದಲ್ಲಿ ಅವರ ನಿಲುವು ಪ್ರಚಾರಕರದೇ. ಯಜ್ಞವನ್ನು ಕುರಿತು, ಲಿಂಗಪೂಜೆಯನ್ನು ಕುರಿತು ಅವರು ಬರೆದುದೂ ಉಂಟು. ಆದರೆ ನಿಘಂಟಿನಲ್ಲಿ ಶಬ್ದಕ್ಕೆ ಪ್ರಯೋಗವೇ ಪ್ರಮಾಣ. ಅರ್ಥಗಳು ಬೇರೆಬೇರೆಯಾಗಿ ನಿಲ್ಲುತ್ತವೆ, ತೀರ್ಪು ಓದುಗನದು.

ನಾಲ್ಕನೆಯವರಾದ ಚಾರ್ಲ್ಸ್ ಕಿಟ್ಟೆಲ್ಲರು (1916–2019) ನ್ಯೂಯಾರ್ಕಿನಲ್ಲಿ ಹುಟ್ಟಿದ ಅಮೆರಿಕನ್ನರು. ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, 1951ರಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1953ರಲ್ಲಿ ಮೊದಲು ಅಚ್ಚಾದ ಅವರ ಪಠ್ಯಪುಸ್ತಕ ಎಂಟು ಆವೃತ್ತಿಗಳನ್ನು ಕಂಡು, ಭಾರತದ ವಿಶ್ವವಿದ್ಯಾಲಯಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳನ್ನು ತಿದ್ದಿತು. ಲೋಹದೊಳಗಿನ ಕಾಂತೀಯ ಪರಮಾಣುಗಳು ಪರಸ್ಪರ ಪ್ರಭಾವ ಬೀರುವ ಒಂದು ಬಗೆಗೆ ರುಡರ್‌ಮನ್, ಕಿಟ್ಟೆಲ್, ಕಸುಯ, ಯೊಸಿದ ಎಂಬ ನಾಲ್ವರ ಹೆಸರನ್ನಿಟ್ಟಿದ್ದಾರೆ. ನೂರೆರಡು ವರ್ಷ ಬದುಕಿದ ಇವರ ಹೆಸರು ಪ್ರಯೋಗಶಾಲೆಯ ಮೇಲಂಗಿಯ ಹೆಸರೂ ಆಗಿರುವುದು ಸೊಗಸಾದ ಕಾಕತಾಳೀಯ.

ಕನ್ನಡ ನಾಡಿನಲ್ಲಿ ಈ ಹೆಸರು ನಿಂತಿರುವ ಬಗೆಯೂ ಬೇರೆಯೇ. ಧಾರವಾಡದಲ್ಲಿ ಕಿಟ್ಟೆಲ್ ಕಾಲೇಜು, ಬೆಂಗಳೂರಿನಲ್ಲಿ ಕಿಟ್ಟೆಲ್ ಪ್ರತಿಮೆ ಇವೆ. 1894ರಲ್ಲಿ ಕೋಶ ಹೊರಬಂದಾಗ ‘ಕವಿರಾಜಮಾರ್ಗ’ವಾಗಲಿ ‘ಪಂಪಭಾರತ’ವಾಗಲಿ ಇನ್ನೂ ಅಚ್ಚಾಗಿರಲಿಲ್ಲ, ಎರಡೂ ಮುದ್ರಣ ಕಂಡುದು 1898ರಲ್ಲಿ. ಹೀಗೆ ತರುವಾಯ ಬೆಳಕಿ‍ಗೆ ಬಂದ ಸಾಮಗ್ರಿ ಬೆಳೆಯುತ್ತ ಹೋದಂತೆ ಪರಿಷ್ಕರಣ ಅವಶ್ಯವಾಯಿತು. ಆ ಭಾರವನ್ನು ಹೊತ್ತವರು ಪ್ರೊ. ಎಂ. ಮರಿಯಪ್ಪ ಭಟ್ಟರು. ಮದ್ರಾಸು ವಿಶ್ವವಿದ್ಯಾಲಯವು ಅದನ್ನು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಭಟ್ಟರು ಸೇರಿಸಿದುದು ಬಹಳ. ಆದರೂ ಗ್ರಂಥದ ಶೀರ್ಷಿಕೆಯಲ್ಲಿ ಕಿಟ್ಟೆಲ್ಲರ ಹೆಸರೇ ಉಳಿಯಿತು. ಅತ್ತ ಗೆರ್ಹಾರ್ಡರ ಕೋಶಕ್ಕೂ ಐದನೆಯ ಸಂಪುಟದಿಂದ ಗೆರ್ಹಾರ್ಡ್ ಫ್ರೀಡ್ರಿಖ್ ಸಂಪಾದಕರಾಗಿ 1979ರಲ್ಲಿ ಮುಗಿಸಿದರಾದರೂ, ಬಾಯಿಮಾತಿನಲ್ಲಿ ಅದು ಇಂದಿಗೂ ‘ಕಿಟ್ಟೆಲ್’. ಹೀಗೆ ಎರಡು ಶಬ್ದಕೋಶಗಳು ಒಂದೇ ಹೆಸರಿನಿಂದ ನಡೆಯುತ್ತಿರುವುದರಿಂದ, ಗ್ರಂಥಸೂಚಿಯಲ್ಲಾಗಲಿ ಲೇಖನಗಳ ಅಡಿಟಿಪ್ಪಣಿಯಲ್ಲಾಗಲಿ ‘ಕಿಟ್ಟೆಲ್’ ಎಂದಷ್ಟೇ ಬರೆದು ಬಿಡುವುದು ಸಾಲದು. ‘ಕಿಟ್ಟೆಲ್, ಫರ್ಡಿನಾಂಡ್ (1832–1903)’ ಎಂದು ಪೂರ್ಣವಾಗಿ ಬರೆಯತಕ್ಕದ್ದು.